ನಾನು ಪಳಗಿಸಿದ ಜರಡಿ ತಟ್ಟೆ

ಚಳ್ಳಕೆರೆಯಲ್ಲಿ ಎಣ್ಣೆಯ ಬಗ್ಗೆ ಮಾತಾಡಲು ಯಾರಿಗೂ ಓದು ಬೇಕಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಮೆಣಸಿನಕಾಯಿ ಬಜ್ಜಿ ಕರಿಯುವವನು ಬಾಣಲೆಯ ಮೇಲೆ ಮೂಗು ಹಿಡಿದು ಇದು ಯಾವ ಮಿಲ್ಲಿನ ಎಣ್ಣೆ, ಹೊಸದೋ ಹಳೆಯದೋ ಎಂದು ಹೇಳಿಬಿಡುತ್ತಾನೆ. ಅವನು ಹೇಳಿದ್ದು ತಪ್ಪಾದರೂ ಎದುರಿಗೆ ನಿಂತವನಿಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಅವನೂ ಅಷ್ಟೇ ಪಂಡಿತ. ಇಂಥ ಊರಿನ ಒಂದು ಸಾಲ್ವೆಂಟ್ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಎಂ.ಎಸ್ಸಿ. ಪಾಸಾದವಳು. ಎಣ್ಣೆಯ ಗುಣ ಮರೆತು ಎಣ್ಣೆಯಿಂದಲೇ ಮಾನ ಕಳೆದುಕೊಂಡವರು ಆ ಊರಿನಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬಳೇ.

ನಮ್ಮ ಕಾರ್ಖಾನೆಯ ಹಳೆಯ ಕೆಲಸ ಎಲ್ಲರಿಗೂ ಗೊತ್ತಿರುವಂಥದ್ದು. ಮಿಲ್ಲಿನಲ್ಲಿ ಎಣ್ಣೆ ತೆಗೆದಾದ ಮೇಲೆ ಉಳಿಯುವ ಶೇಂಗಾ ಹಿಂಡಿಯನ್ನು ಸಾಲ್ವೆಂಟಿನಲ್ಲಿ, ಅಂದರೆ ಎಣ್ಣೆಯನ್ನು ಕರಗಿಸಿಕೊಳ್ಳುವ ಪೆಟ್ರೋಲಿನಂಥ ದ್ರವದಲ್ಲಿ ತೊಳೆದು, ಅದರಲ್ಲಿ ಅಂಟಿಕೊಂಡ ಕೊನೆಯ ಎಣ್ಣೆಯನ್ನೂ ಬಿಡಿಸಿಕೊಳ್ಳುವುದು. ನಮ್ಮ ಯಜಮಾನರಿಗೆ ಅಷ್ಟಕ್ಕೆ ತೃಪ್ತಿ ಇರಲಿಲ್ಲ. ಎಣ್ಣೆ ಶುದ್ಧ ಮಾಡುವಾಗ ತೊಳೆದ ನೀರಿನಲ್ಲಿ ಇನ್ನಷ್ಟು ಎಣ್ಣೆ ಹರಿದು ಚರಂಡಿಗೆ ಹೋಗುತ್ತದೆ ಎಂಬುದು ಅವರ ಎದೆನೋವು. ಯಾವುದೋ ಪ್ರದರ್ಶನಕ್ಕೆ ಹೋಗಿ ಬಂದವರು, ಬಂದ ದಿನವೇ, ಆ ನೀರಿನಿಂದ ಎಣ್ಣೆ ಹಿಡಿಯುವ ಒಂದು ಟವರ್ ಕಟ್ಟಿಸುತ್ತೇನೆಂದು ಹಟ ಹಿಡಿದರು. ಮೊದಲು ಪರೀಕ್ಷೆಗೆ ಒಂದು ಚಿಕ್ಕದು, ಅದು ಗೆದ್ದರೆ ಹನ್ನೆರಡು ತಟ್ಟೆಗಳ ದೊಡ್ಡದು ಎಂದು ತೀರ್ಮಾನವಾಯಿತು. ಚಿಕ್ಕದು ಎರಡಾಳೆತ್ತರದ ಕೊಳವೆ, ಬುಡದ ಹತ್ತಿರ ಒಂದು ಗಾಜಿನ ಕಿಂಡಿ. ಬಂದ ನೆಂಟರನ್ನೆಲ್ಲ ಆ ಕಿಂಡಿಯ ಮುಂದೆ ನಿಲ್ಲಿಸಿ ತೋರಿಸುವುದು ಯಜಮಾನರ ಹೊಸ ಚಟವಾಯಿತು. ಒಳಗೆ ಆಗಿನ್ನೂ ಏನೂ ಇರಲಿಲ್ಲ.

ಟವರಿನ ಕೆಲಸ ಹೇಳಲು ಸುಲಭ. ಮೇಲಿನಿಂದ ತೊಳೆದ ನೀರು ನಿಧಾನವಾಗಿ ಇಳಿಯಬೇಕು, ಕೆಳಗಿನಿಂದ ಸಾಲ್ವೆಂಟು ಹನಿ ಹನಿಯಾಗಿ ಏರಬೇಕು. ಸಾಲ್ವೆಂಟು ನೀರಿಗಿಂತ ಹಗುರ. ನೀರಿನ ಜೊತೆ ಬೆರೆಯುವುದಿಲ್ಲ, ಆದರೆ ಎಣ್ಣೆ ಕಂಡರೆ ಬಿಡುವುದಿಲ್ಲ. ಬುಡದಲ್ಲಿ ಒಂದು ತೂತಿನ ತಟ್ಟೆ ಇರುತ್ತದೆ, ಅದಕ್ಕೆ ನಾವು ಜರಡಿ ತಟ್ಟೆ ಎನ್ನುತ್ತೇವೆ. ಸಾಲ್ವೆಂಟು ಪ್ರತಿ ತೂತಿನ ಬಾಯಿಗೆ ಬಂದು ಉಬ್ಬುತ್ತದೆ, ಉಬ್ಬಿದ್ದಕ್ಕೆ ಒಂದು ಕತ್ತು ಮೂಡುತ್ತದೆ, ಕತ್ತು ಸಣ್ಣಗಾಗುತ್ತಾ ಹೋಗಿ ಪಟಕ್ಕನೆ ಹರಿಯುತ್ತದೆ. ಆಗ ಹನಿ ಮೇಲೇಳುತ್ತದೆ. ಎಲ್ಲ ಹನಿಗಳೂ ಜೋಳದ ಕಾಳಿನಷ್ಟು ಚಿಕ್ಕವಾಗಿದ್ದರೆ ಅವುಗಳ ಮೈ ಎಲ್ಲ ಸೇರಿ ಬಹಳವಾಗುತ್ತದೆ, ದಾರಿಯುದ್ದಕ್ಕೂ ನೀರನ್ನು ಸವರಿ ಎಣ್ಣೆ ಎತ್ತಿಕೊಳ್ಳುತ್ತವೆ. ದಪ್ಪ ಹನಿಯಾದರೆ ದಡದಡ ಮೇಲಕ್ಕೆ ಓಡಿ, ಖಾಲಿ ಕೈಯಲ್ಲಿ ತಲುಪುತ್ತದೆ. ಒಟ್ಟಿನಲ್ಲಿ ಇಡೀ ಟವರಿನ ಹಣೆಬರಹ ಆ ತಟ್ಟೆಯ ತೂತುಗಳಲ್ಲಿತ್ತು.

ತೂತು ಹೊಡೆದದ್ದು ನಮ್ಮ ಊರಿನ ಲೇತ್ ಉಸ್ತಾದರು. ಮಸೀದಿ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ವಯಸ್ಸಾದವರು, ಮನೆಯಲ್ಲಿ ಉರ್ದು, ಗಿರಾಕಿಗಳ ಹತ್ತಿರ ಕನ್ನಡ, ಲೇತಿನ ಹತ್ತಿರ ಬೈಗುಳ. ಊರಿನ ಅರ್ಧ ಮಿಲ್ಲುಗಳ ಶಾಫ್ಟು, ಬುಶ್ಶುಗಳೆಲ್ಲ ಅವರ ಕೈಯಿಂದ ಹೊರಬಂದವು. ನಕ್ಷೆಯಲ್ಲಿ ನೂರು ತೂತು ಎಂದಿತ್ತು. ಯಜಮಾನರು ಅದನ್ನು ನೋಡಿ ಮುಖ ಸಿಂಡರಿಸಿದರು.

"ನೂರು ಅಂದ್ರೆ ಹೆಂಗ್ರಿ? ಮದ್ವೇಲಿ ಮುಯ್ಯಿ ಮಾಡೋವಾಗ್ಲೂ ನೂರಾ ಒಂದು ಮಾಡ್ತೀವಿ. ಇನ್ನೊಂದು ಸೇರಿಸ್ರಿ."

ಸಾಲು ಸಾಲಾಗಿ ಅಳೆದು ಗುರುತು ಹಾಕಿದ ತಟ್ಟೆಯಲ್ಲಿ ಆ ಶುಭದ ತೂತಿಗೆ ಜಾಗ ಹುಡುಕಲು ಉಸ್ತಾದರು ಗುರುತನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಅಳೆದರು. ತಟ್ಟೆ ತರಲು ಹೋದಾಗ ಅವರು ಪ್ರತಿ ತೂತಿನ ಅಂಚನ್ನೂ ಬೆರಳ ತುದಿಯಲ್ಲಿ ಸವರಿ ನೋಡುತ್ತಿದ್ದರು.

"ತೂತು ಹೊಡೆಯೋದು ದೊಡ್ಡ ಮಾತಲ್ಲ ಬೇಟಿ. ಅದರ ತುಟಿ ಸರಿ ಮಾಡ್ಬೇಕು. ತುಟಿ ಹರಿದಿದ್ರೆ ಹನಿ ಸೊಟ್ಟ ಬೀಳ್ತೈತೆ."

"ನಮ್ಮ ಟವರಲ್ಲಿ ಹನಿ ಮೇಲಕ್ಕೆ ಬೀಳ್ತೈತೆ ಚಾಚಾ."

"ಮೇಲಕ್ಕೆ ಬಿದ್ರೂ ತುಟಿ ತುಟಿನೇ," ಎಂದು ನಕ್ಕರು.

ತಟ್ಟೆ ಬಂದದ್ದು ಆಯುಧ ಪೂಜೆಯ ಹಿಂದಿನ ದಿನ. ಟವರನ್ನು ಪೂಜೆಯ ದಿನವೇ ಚಾಲು ಮಾಡಬೇಕೆಂದು ಯಜಮಾನರ ಅಪ್ಪಣೆ. ಬರೀ ಕಬ್ಬಿಣದ ತಟ್ಟೆ. ಬೆಳಗಾಗುವುದರೊಳಗೆ ಅಲ್ಲಲ್ಲಿ ಕೆಂಪಗೆ ತುಕ್ಕಿನ ಚುಕ್ಕೆ ಕಾಣಿಸಿಕೊಂಡಿತು. ಪೂಜೆಗೆ ಇಡುವ ವಸ್ತು ಹೀಗೆ ಇರಬಾರದೆಂದು ಕೆಲಸಗಾರರೆಲ್ಲ ಸೇರಿ ಅದನ್ನು ನನ್ನ ಕೈಗೆ ಕೊಟ್ಟರು. ಆ ಕಾರ್ಖಾನೆಯಲ್ಲಿ ಅಂಗಳ ಗುಡಿಸುವವರನ್ನು ಬಿಟ್ಟರೆ ಹೆಂಗಸು ನಾನೊಬ್ಬಳೇ. ವರ್ಷವಿಡೀ ನನ್ನ ರಿಪೋರ್ಟಿಗೆ ಮೂಗು ಮುರಿಯುವವರಿಗೆ ಅರಿಶಿನ ಕುಂಕುಮ ಎಂದ ಕೂಡಲೇ ನನ್ನ ನೆನಪಾಗುತ್ತದೆ.

"ಹೆಣ್ಮಕ್ಕಳ ಕೈಯಿಂದ ಆಗ್ಲಿ ಮೇಡಂ. ಚೆಂದಾಗಿ ಮಾಡ್ರಿ."

ತಟ್ಟೆಯ ಅಗಲವೂ ದಪ್ಪವೂ ನಮ್ಮ ದೇವಸಮುದ್ರದ ಮನೆಯ ರೊಟ್ಟಿ ಹೆಂಚಿನಷ್ಟೇ ಇತ್ತು. ನನ್ನ ಅಪ್ಪ ಅವ್ವ ಇಬ್ಬರೂ ಕೂಲಿ ಮಾಡಿ ನನ್ನನ್ನು ಓದಿಸಿದವರು. ಹೊಸ ಹೆಂಚು ಮನೆಗೆ ಬಂದರೆ ಅವ್ವ ಅದನ್ನು ಹಾಗೇ ಒಲೆಗಿಡುವುದಿಲ್ಲ, ಪಳಗಿಸುತ್ತಾಳೆ. ಬೂದಿಯಲ್ಲಿ ತಿಕ್ಕಿ ತೊಳೆದು, ಹೊಗೆಯಾಡುವಷ್ಟು ಕಾಯಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲದ್ದಿ ಮೈತುಂಬ ಉಜ್ಜುತ್ತಾಳೆ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಹೆಂಚು ಕಾಡಿಗೆ ಕಪ್ಪಾಗಿ ಮಿರುಗುತ್ತದೆ, ಆ ಕಪ್ಪು ಏನು ತೊಳೆದರೂ ಹೋಗುವುದಿಲ್ಲ. ನನ್ನ ಎಂ.ಎಸ್ಸಿ. ಆ ಹೊತ್ತಿನಲ್ಲಿ ಎಲ್ಲಿ ಮಲಗಿತ್ತೋ, ಅವ್ವನ ವಿದ್ಯೆ ಎದ್ದು ಬಂತು.

"ಹೆಂಚು ಪಳಗಿಸ್ದಂಗೆ ಪಳಗಿಸ್ತೀನಿ, ಜನ್ಮದಲ್ಲಿ ತುಕ್ಕು ಹಿಡಿಯಲ್ಲ," ಎಂದೆ.

ಸಾಲ್ವೆಂಟ್ ಇರುವ ಕಡೆ ಬೆಂಕಿಯ ಹೆಸರೆತ್ತುವಂತಿಲ್ಲ. ಗೇಟಿನ ಹೊರಗಿನ ಕ್ಯಾಂಟೀನಿನ ಒಲೆಯ ಮೇಲೆ ತಟ್ಟೆ ಕಾಯಿಸಿದೆ. ಕ್ಯಾಂಟೀನಿನವನು ಒಗ್ಗರಣೆಗೆ ಇಟ್ಟಿದ್ದ ಈರುಳ್ಳಿ ಕೊಟ್ಟ, ಎಣ್ಣೆಗಂತೂ ನಮ್ಮಲ್ಲಿ ಬರವಿಲ್ಲ. ನಾಲ್ಕು ಸಲ ಉಜ್ಜಿದೆ. ತೂತುಗಳು ಕಟ್ಟಿಕೊಳ್ಳದಿರಲೆಂದು ಪೊರಕೆ ಕಡ್ಡಿಯಿಂದ ನೂರಾ ಒಂದನ್ನೂ ಚುಚ್ಚಿದೆ. ತಟ್ಟೆ ಮಿರಮಿರ ಮಿಂಚಿತು. ಕುಂಕುಮ ಇಟ್ಟಾಗ ಯಜಮಾನರು ನಾಲ್ಕು ಜನ ಕೇಳುವಂತೆ ಹೊಗಳಿದರು.

"ಹೆಣ್ಮಕ್ಕಳ ಕೈ ಬಿದ್ರೆ ಕಬ್ಬಿಣಕ್ಕೂ ಲಕ್ಷಣ ಬರ್ತೈತೆ ನೋಡ್ರಿ."

ನಾನು ಉಬ್ಬಿದೆ. ಕರ್ಪೂರವನ್ನೂ ಗೇಟಿನ ಹೊರಗೇ ಹಚ್ಚಿ, ಅಲ್ಲಿಂದಲೇ ಟವರಿನ ಕಡೆ ಮುಖ ಮಾಡಿ ಆರತಿ ಎತ್ತಿದ್ದಾಯಿತು. ಬೂದುಗುಂಬಳ ಒಡೆದರು. ಕುಂಕುಮ ಒರೆಸಿ ತಟ್ಟೆಯನ್ನು ಕೂರಿಸಿದರು. ಮಂಡಕ್ಕಿ ಹಂಚಿದರು. ಉಸ್ತಾದರಿಗೂ ಕರೆ ಹೋಗಿತ್ತು, ಅವರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಎಲ್ಲರೂ ಕಿಂಡಿಯ ಮುಂದೆ ಗುಂಪುಗೂಡಿದಾಗ ಪಂಪು ಚಾಲು ಮಾಡಿದೆವು.

ಹನಿಗಳೇ ಬರಲಿಲ್ಲ. ಸಾಲ್ವೆಂಟು ತೂತಿನಿಂದ ತಲೆ ಎತ್ತಿದ್ದೇ ತಡ, ಮೇಲೇಳುವುದನ್ನು ಬಿಟ್ಟು ತಟ್ಟೆಯ ಮೇಲೆ ಅಡ್ಡಡ್ಡ ಹರಡಿಕೊಂಡಿತು. ಪಕ್ಕದ ತೂತಿನದು ಇದರ ಜೊತೆ ಕೂಡಿತು, ಅದರ ಪಕ್ಕದ್ದೂ ಕೂಡಿತು. ಕೊನೆಗೆ ನೆಲ್ಲಿಕಾಯಿ ಗಾತ್ರದ ಗುಳ್ಳೆಗಳಾಗಿ, ಒಂದು ಹಿಂದೆ ಒಂದು ಮುಂದೆ, ತಮಗಿಷ್ಟ ಬಂದಂತೆ ಡುಬುಕ್ಕೆಂದು ಏಳತೊಡಗಿದವು. ಮೇಲೆ ಬಂದ ಸಾಲ್ವೆಂಟನ್ನು ಪರೀಕ್ಷಿಸಿದರೆ ಎಣ್ಣೆ ಹೆಸರಿಗಷ್ಟೇ ಇತ್ತು.

ಯಜಮಾನರ ಮುಖ ಮೊದಲು ಟವರಿನ ಕಡೆ ತಿರುಗಿತು, ಆಮೇಲೆ ಉಸ್ತಾದರ ಕಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಲ್ಲ ಊರಿನ ವೈದ್ಯ. ನಮ್ಮಲ್ಲಿ ಎಮ್ಮೆ ಎದುರಿಗೇ ನಿಂತಿತ್ತು.

"ಏನ್ರಿ ಸಾಬ್ರೆ, ಇದನ್ನ ಹನಿ ಅಂತಾರಾ? ಇಷ್ಟು ವರ್ಷ ಲೇತು ತಿರುಗಿಸಿದ್ದು ಇದಕ್ಕಾ? ಕಣ್ಣು ಕಾಣ್ದಿದ್ರೆ ಮೊದ್ಲೇ ಹೇಳ್ಬೇಕಪ್ಪ."

ಉಸ್ತಾದರು ಜೇಬಿನಿಂದ ತೂತು ಕೊರೆದ ಬಿಟ್ಟನ್ನೇ ತೆಗೆದು ಮುಂದೆ ಹಿಡಿದರು. "ಇದೇ ಬಿಟ್ಟು. ಯಾವ ತೂತಿಗಾದ್ರೂ ಹಾಕಿ ನೋಡ್ರಿ. ಒಂದು ಕೂದಲು ಹೆಚ್ಚುಕಮ್ಮಿ ಇದ್ರೆ ನಾನು ಲೇತು ಮುಟ್ಟಲ್ಲ."

ಯಾರೂ ಹಾಕಿ ನೋಡಲಿಲ್ಲ. ಉಸ್ತಾದರು ಬಗ್ಗಿ ಕಿಂಡಿಯೊಳಗೆ ಬಹಳ ಹೊತ್ತು ನೋಡಿದರು. ಎದ್ದು ನಿಂತವರು ಒಂದು ಸಲ ನನ್ನ ಮುಖ ನೋಡಿದರು. ನನ್ನ ಪರವಾಗಿ ಒಂದು ಮಾತು ಹೇಳಮ್ಮ ಎನ್ನುತ್ತಿದ್ದಾರೆ ಅಂದುಕೊಂಡೆ. ತಟ್ಟೆಯಲ್ಲಿ ಏನು ಕೆಟ್ಟಿದೆಯೆಂದು ನನಗಾಗ ನಿಜವಾಗಿ ಗೊತ್ತಿರಲಿಲ್ಲ. ಆದರೆ ಅವರು ಪ್ರತಿ ತೂತಿನ ತುಟಿಯನ್ನೂ ಸವರಿ ನೋಡಿದ್ದನ್ನು ಕಂಡಿದ್ದೆ, ಅಷ್ಟನ್ನಾದರೂ ಹೇಳಬಹುದಿತ್ತು, ಹೇಳಲಿಲ್ಲ. ಅವರು ಕೈಯಲ್ಲಿದ್ದ ಮಂಡಕ್ಕಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಆಮೇಲೆ ಬೆಂಗಳೂರಿನಿಂದ ಒಬ್ಬ ತಜ್ಞರನ್ನು ಕರೆಸಿದರು. ತಲೆಗೆ ಹಾಕುವ ಬಿಳಿ ಟೋಪಿಯನ್ನು ಕೂಡ ಅವರೇ ತಂದಿದ್ದರು, ನಮ್ಮ ಟೋಪಿಗಳನ್ನು ನಂಬುವಂತಿರಲಿಲ್ಲವೇನೋ. ಎರಡು ದಿನ ಕಿಂಡಿಯ ಮುಂದೆ ಕುಳಿತು ಮೊಬೈಲಿನಲ್ಲಿ ಹನಿಗಳ ಫೋಟೋ ತೆಗೆದರು. ಹನಿಯ ಒಂದು ಗೆರೆಚಿತ್ರ, ಎರಡು ಗೆರೆಚಿತ್ರ, ಕೊನೆಗೆ ಗೆರೆಚಿತ್ರಗಳದೇ ಒಂದು ಗೆರೆಚಿತ್ರ ಬರೆದರು. ತಟ್ಟೆಯನ್ನು ಹೊರಗೆ ತೆಗೆದು ಮುಟ್ಟಿ ನೋಡುವ ಯೋಚನೆ ಅವರಿಗೆ ಬರಲಿಲ್ಲ. "ಲೋಕಲ್ ಕೆಲಸ ಹೀಗೇ," ಎಂದರು. ದೊಡ್ಡ ಟವರಿನ ಹನ್ನೆರಡು ತಟ್ಟೆಗಳನ್ನು ಹೊರಗಿನಿಂದ ಲೇಸರಿನಲ್ಲಿ ಕೊರೆಸಿ, ಮೇಲೆ ದೋಸೆಯ ನಾನ್-ಸ್ಟಿಕ್ ಕಾವಲಿಗೆ ಇರುತ್ತದಲ್ಲ, ಅಂಥದೊಂದು ಲೇಪ ಹಚ್ಚಿಸಬೇಕು, ಆಗ ಯಾವುದೂ ಅಂಟುವುದಿಲ್ಲ ಎಂದು ಸಲಹೆ ಕೊಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ದೇವರ ವಾಕ್ಯವೆಂದು ನಂಬಿದ ಯಜಮಾನರು ತಲೆಯಾಡಿಸಿದರು. ನಾನೂ ಆಡಿಸಿದೆ.

ಆ ಭಾನುವಾರ ಊರಿಗೆ ಹೋದೆ. ಅವ್ವ ರೊಟ್ಟಿ ಬಡಿಯಲು ಹೆಂಚು ತೊಳೆದು ಒಲೆಯ ಪಕ್ಕಕ್ಕೆ ಇಟ್ಟಿದ್ದಳು. ಅದರ ಮೇಲೆ ನೀರು ಮುತ್ತುಮುತ್ತಾಗಿ ನಿಂತಿತ್ತು, ಎಲ್ಲೂ ಹರಡಿರಲಿಲ್ಲ. ಅವ್ವ ಬಟ್ಟೆಯಿಂದ ಒಂದು ಸಲ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟಳು. ಅದು ತಾನಾಗಿಯೇ ಸುತ್ತಲೂ ಹರಿಯುತ್ತಾ ಹೋಯಿತು. ನಾನು ಕಣ್ಣು ಕೀಳದೆ ನೋಡುತ್ತಿದ್ದೆ.

"ಹೆಂಚು ಕಂಡಿಲ್ವೇನೆ? ಹಂಗ್ ನೋಡ್ತೀಯ," ಎಂದಳು ಅವ್ವ.

"ಇದು ಯಾಕೆ ಹಿಂಗೆ ಹರಡ್ತೈತವ್ವ?"

"ಪಳಗಿದ ಹೆಂಚು ನೀರನ್ನ ಹತ್ರಕ್ಕೆ ಸೇರಿಸಲ್ಲ. ಎಣ್ಣೆ ಆದ್ರೆ ಒಂದು ಹನಿ ಸಾಕು, ಮೈಯೆಲ್ಲ ಎಳ್ಕಂತೈತೆ. ಅಷ್ಟೂ ಗೊತ್ತಿಲ್ದಂಗೆ ಏನು ಓದ್ದೆ ನೀನು?"

ಸಾಲ್ವೆಂಟೂ ಎಣ್ಣೆಯ ಜಾತಿಯದೇ. ಬರೀ ಕಬ್ಬಿಣದ ಮೇಲೆ ನೀರು ಅಂಟಿಕೊಂಡು ಕೂತಿದ್ದರೆ ಸಾಲ್ವೆಂಟಿಗೆ ತೂತಿನ ತುಟಿಯ ಮೇಲಷ್ಟೇ ಜಾಗ ಸಿಗುತ್ತದೆ. ಅಲ್ಲಿ ಉಬ್ಬಿ, ಕತ್ತು ಹರಿದುಕೊಂಡು ಚಿಕ್ಕ ಹನಿಯಾಗಿ ಹೋಗುತ್ತದೆ. ನಾನು ತಟ್ಟೆಯನ್ನು ಪಳಗಿಸಿ, ನೀರನ್ನು ಓಡಿಸಿ, ಸಾಲ್ವೆಂಟಿಗೆ ಚಾಪೆ ಹಾಸಿ ಕೊಟ್ಟಿದ್ದೆ. ಬೆಂಗಳೂರಿನ ತಜ್ಞರು ದೊಡ್ಡ ಖರ್ಚಿನಲ್ಲಿ ಹಚ್ಚಿಸಬೇಕೆಂದಿದ್ದ ಲೇಪವನ್ನು ನಾನು ಅರ್ಧ ಈರುಳ್ಳಿಯಲ್ಲಿ ಆಗಲೇ ಹಚ್ಚಿಯಾಗಿತ್ತು. ಇದೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ಪಾಠವೇ.

ಮಾರನೆಯ ದಿನ ಹೋಗಿ ಹೇಳಿದೆನೇ? ಹನ್ನೊಂದು ದಿನ ಹೇಳಲಿಲ್ಲ. ಮೊದಲ ದಿನ ಯಜಮಾನರಿಗೆ ಕೋಪವಿತ್ತು, ಎರಡನೆಯ ದಿನ ಅವರು ಖುಷಿಯಾಗಿದ್ದರು, ಖುಷಿಯಾಗಿದ್ದವರನ್ನು ಯಾಕೆ ಕೆಡಿಸಬೇಕು? ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡರೆ ಹೀಗೇ ಎನ್ನುತ್ತಾರೆಂಬ ಭಯವಿತ್ತು, ಅದು ಸುಳ್ಳು ಭಯವೇನಲ್ಲ. ಆದರೆ ಅದನ್ನು ನಾನು ಊರುಗೋಲಿನ ಹಾಗೆ ದಿನಾ ಬಳಸಿಕೊಂಡೆ. ತಜ್ಞರು ತಾವೇ ತಪ್ಪು ಕಂಡುಹಿಡಿದು, ಅದರಲ್ಲಿ ನನ್ನ ಹೆಸರು ಬಾರದಿದ್ದರೆ ಬೆಟ್ಟ ಹತ್ತಿ ತೆಂಗಿನಕಾಯಿ ಒಡೆಸುತ್ತೇನೆಂದು ಜಟಿಂಗ ರಾಮೇಶ್ವರನಿಗೆ ಹರಕೆಯನ್ನೂ ಹೊತ್ತೆ. ಆ ಬೆಟ್ಟದ ಬಂಡೆಯ ಮೇಲೆ ಅಶೋಕ ಸತ್ಯ ಹೇಳಿರಿ ಎಂದು ಕೆತ್ತಿಸಿದ್ದಾನೆಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು. ಸುಳ್ಳಿಗೆ ಹರಕೆ ಹೊರಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ.

ಅಷ್ಟರಲ್ಲಿ ಯಜಮಾನರು ಸಿಟ್ಟಿನಲ್ಲಿ ಆಡಿದ ಮಾತು ಊರು ಸುತ್ತಿತ್ತು. ಲೇತ್ ಕೆಲಸದವನಿಗೆ ಕಣ್ಣೇ ಅನ್ನ. ಉಸ್ತಾದರ ಕಣ್ಣು ಮಂಜಾಗಿದೆಯಂತೆ ಎಂದು ಮಿಲ್ಲುಗಳವರು ಶಾಫ್ಟುಗಳನ್ನು ಬೇರೆ ಕಡೆಗೆ ಕಳಿಸತೊಡಗಿದರು. ಮುಂದಿನ ಸಲ ಊರಿನಿಂದ ವಾಪಸು ಬರುವಾಗ ರಾಂಪುರದಲ್ಲಿ ಬಸ್ ಹತ್ತಿದ ಇಬ್ಬರು ನನ್ನ ಹಿಂದೆ ಕೂತು ಅದನ್ನೇ ಮಾತಾಡುತ್ತಿದ್ದರು. ಒಬ್ಬ ಬೋರ್‌ವೆಲ್ ರಿಪೇರಿಯವನು, ಚಳ್ಳಕೆರೆಯಲ್ಲಿ ಏನೋ ಲೇತ್ ಕೆಲಸವಿತ್ತು. ಇನ್ನೊಬ್ಬ ಅವನಿಗೆ ತೆಲುಗಿನಲ್ಲಿ ಹೇಳಿದ:

"ಮುಸಲಾಯನ ದಗ್ಗರಿಕಿ ಪೋವದ್ದು. ಕಳ್ಳು ಕನಪಡವಂಟ."

ಮುದುಕನ ಹತ್ತಿರ ಹೋಗಬೇಡ, ಕಣ್ಣು ಕಾಣಿಸುವುದಿಲ್ಲವಂತೆ. ಸುದ್ದಿ ತಾಲ್ಲೂಕು ದಾಟಿ, ಭಾಷೆಯನ್ನೂ ದಾಟಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಬಸ್ ಇಳಿದವಳು ಕಾರ್ಖಾನೆಗೆ ಹೋಗದೆ ನೇರ ಗಲ್ಲಿಗೆ ಹೋದೆ.

ಅಂಗಡಿಯಲ್ಲಿ ಲೇತು ನಿಂತಿತ್ತು. ಉಸ್ತಾದರು ಯಾರದೋ ಗೇಟಿನ ಕೀಲಿಗೆ ಅರ ಹಾಕುತ್ತಿದ್ದರು. ಹೆಂಚು, ಈರುಳ್ಳಿ, ಎಣ್ಣೆ ಎಲ್ಲವನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಅವರ ಕೈಯ ಅರ ನಿಲ್ಲಲಿಲ್ಲ.

"ಗೊತ್ತೈತೆ ಬೇಟಿ."

"ಯಾವಾಗಿಂದ ಚಾಚಾ?"

"ಅವತ್ತೇ. ನಾನು ಕೊಟ್ಟಿದ್ದು ಬಿಳೀ ತಟ್ಟೆ. ಕಿಂಡೀಲಿ ಕಂಡಿದ್ದು ಕರೀ ತಟ್ಟೆ. ನಮ್ಮನೇಲೂ ತವಾ ಐತೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಈಗ ಅರ ನಿಂತಿತು. "ಪೂಜೆ ದಿನ ಹಚ್ಚಿದ ಎಣ್ಣೆ ಅದು. ಅದರ ಮೇಲೆ ನಾನು ಬೆರಳು ತೋರ್ಸಿದ್ರೆ ಮಾತು ಎಲ್ಲಿಗೆ ಹೋಗ್ತೈತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನೀವು ಹೇಳ್ತೀರೇನೋ ಅಂತ ನೋಡ್ತಾ ಇದ್ದೆ."

ನನಗೆ ಅಳು ಬಂತು. ತಪ್ಪಾಯಿತು ಎಂದೆ. ಅವರು ಕನಿಕರ ತೋರಿಸಲಿಲ್ಲ, ತೋರಿಸಬೇಕಾಗಿಯೂ ಇರಲಿಲ್ಲ.

"ನನಗೆ ಹೇಳಿ ಏನು ಬಂತು? ನನ್ನ ಕಣ್ಣು ಚೆನ್ನಾಗೈತೆ ಅಂತ ನನಗೆ ಗೊತ್ತಿಲ್ವಾ? ಹೇಳೋ ಕಡೆ ಹೇಳ್ರಿ."

ಮಾರನೆಯ ದಿನ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ, ಎರಡೂ ಪಾಳಿಯವರು ಅಂಗಳದಲ್ಲಿದ್ದಾಗ, ಹೇಳಿದೆ. ಯಜಮಾನರು ನಕ್ಕರು. ಒಂದು ಚಮಚ ಎಣ್ಣೆ ಟವರನ್ನು ಕೆಡಿಸುತ್ತದೆಯೇ ಎಂದರು. ಫೋನಿನಲ್ಲಿ ತಜ್ಞರೂ ನಕ್ಕರು, ಅವರದು ಇಂಗ್ಲಿಷ್ ನಗು. ನಾನು ತಟ್ಟೆ ಬಿಚ್ಚಿಸಿ, ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಕಾಸ್ಟಿಕ್ ಸೋಡಾ ಹಾಕಿ, ಇಟ್ಟಿಗೆ ಪುಡಿಯಲ್ಲಿ ಮಧ್ಯಾಹ್ನದವರೆಗೆ ತಿಕ್ಕಿದೆ. ಪಳಗಿಸಲು ಅರ್ಧ ಗಂಟೆ ಸಾಕಾಗಿತ್ತು. ಕೈಗವಸು ಹರಿದು ಬೆರಳು ಸುಟ್ಟಿತು. ಕಪ್ಪೆಲ್ಲ ಹೋಗಿ ಕಬ್ಬಿಣ ಬೆಳ್ಳಗೆ ಕಂಡಾಗ ನೀರು ಅದರ ಮೇಲೆ ಒಂದೇ ಸಮನೆ ಹರಡಿ ನಿಂತಿತು. ಪಂಪು ಚಾಲು ಮಾಡಿದರು. ನೂರಾ ಒಂದು ತೂತಿನಿಂದಲೂ ಜೋಳದ ಕಾಳಿನಂಥ ಹನಿಗಳು, ಕತ್ತು ಹರಿದುಕೊಂಡು, ಸಾಲಾಗಿ ಮೇಲೆದ್ದವು.

ಯಜಮಾನರು ಕಿಂಡಿಯ ಗಾಜನ್ನು ಒರೆಸಿ ಮತ್ತೊಮ್ಮೆ ನೋಡಿದರು.

"ಹಂಗಾದ್ರೆ ಎಣ್ಣೆದೇ ತಪ್ಪು ಅನ್ರಿ," ಎಂದರು. ಎಣ್ಣೆಯಿಂದಲೇ ಮೂರು ಅಂತಸ್ತಿನ ಮನೆ ಕಟ್ಟಿಸಿದವರು, ತಾವು ತಪ್ಪಿಸಿಕೊಳ್ಳಲು ಎಣ್ಣೆಯನ್ನೇ ಹಿಡಿದುಕೊಟ್ಟರು.

"ಎಣ್ಣೆದಲ್ಲ ಸಾರ್, ನಂದು. ಉಸ್ತಾದರ ತೂತೂ ಸರಿ ಐತೆ, ಕಣ್ಣೂ ಸರಿ ಐತೆ," ಎಂದೆ.

ಯಜಮಾನರು ಕಾರು ಕಳಿಸಿ ಉಸ್ತಾದರನ್ನು ಕರೆಸಿ ಚಹಾ ಕುಡಿಸಿದರು. ಹನ್ನೆರಡು ತಟ್ಟೆಗಳ ಕೆಲಸವನ್ನೂ ಒಪ್ಪಿಸಿದರು. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಹೊರಡಲಿಲ್ಲ. ಉಸ್ತಾದರು ಕಿಂಡಿಯಲ್ಲಿ ಬಗ್ಗಿ ನೋಡಿ, "ಆ ಶುಭದ ತೂತೂ ಚೆನ್ನಾಗೇ ಬಿಡ್ತೈತೆ," ಎಂದರು, ಅಷ್ಟೇ. ತಜ್ಞರು ತಮ್ಮ ವರದಿಯನ್ನು ತಿದ್ದಿ, ತಟ್ಟೆಗೆ ಯಾವ ಲೇಪವೂ ಬೇಡವೆಂಬುದು ತಮ್ಮದೇ ಸಂಶೋಧನೆ ಎಂಬಂತೆ ಬರೆದು ಕಳಿಸಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಕೆಲವು ವಾರಗಳ ನಂತರ, ಸಂಜೆ ಊರಿಗೆ ಹೋಗುವ ಬಸ್ಸಿನಲ್ಲಿ ಅದೇ ಬೋರ್‌ವೆಲ್ ರಿಪೇರಿಯವನು ಸಿಕ್ಕಿದ. ತೊಡೆಯ ಮೇಲೆ ಹೊಸದಾಗಿ ಕಡೆಸಿದ ಶಾಫ್ಟು ಇತ್ತು. ಪಕ್ಕದವನಿಗೆ ಕನ್ನಡದಲ್ಲಿ ಹೇಳುತ್ತಿದ್ದ:

"ಉಸ್ತಾದ್ರ ಹತ್ರಾನೇ ಮಾಡಿಸ್ದೆ. ಕಣ್ಣಿಗೆ ಆಪರೇಷನ್ ಆಗೈತಂತೆ. ಈಗ ಚೆನ್ನಾಗಿ ಕಾಣ್ತೈತಂತೆ."

ಊರು ತನ್ನ ಸುಳ್ಳನ್ನು ವಾಪಸು ತೆಗೆದುಕೊಂಡಿರಲಿಲ್ಲ, ಅದಕ್ಕೆ ಚಿಕಿತ್ಸೆ ಮಾಡಿಸಿತ್ತು. ಈ ಸಲ ನಾನು ತಿರುಗಿ ಕೂತೆ.

"ಅವರಿಗೆ ಯಾವ ಆಪರೇಷನ್ನೂ ಆಗಿಲ್ಲಣ್ಣ. ಕಣ್ಣು ಯಾವತ್ತೂ ಚೆನ್ನಾಗೇ ಇತ್ತು. ತಪ್ಪು ಮಾಡಿದ್ದು ನಾನು, ಅವರ ತಟ್ಟೆಗೆ ಎಣ್ಣೆ ಹಚ್ಚಿ ಕೆಡಿಸಿದ್ದು ನಾನು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕೆಟ್ಟ ಮನುಷ್ಯನಲ್ಲ, ಸುಮ್ಮನೆ ಕೇಳಿದ:

"ಹೌದೇನಮ್ಮ? ಮತ್ತೆ ಊರೆಲ್ಲ ಹಂಗಂತಿದ್ದಾಗ ಯಾಕೆ ಹೇಳ್ಲಿಲ್ಲ?"

ಯಜಮಾನರು ಕೇಳದ, ತಜ್ಞರು ಕೇಳದ, ಉಸ್ತಾದರೂ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು. ರಾಂಪುರ ಬಂತು. ಅವನು ಶಾಫ್ಟನ್ನು ಹೆಗಲಿಗೇರಿಸಿಕೊಂಡು, ನನ್ನ ಉತ್ತರಕ್ಕೆ ಸ್ವಲ್ಪ ಹೊತ್ತು ಕಾದು, ಇಳಿದುಹೋದ.